ವರ್ಷಗಟ್ಟಲೆ ನಿಂತ ಪದ್ಮಿನಿಯನ್ನು ಮತ್ತೆ ಓಡಿಸುವುದು ಹೇಗೆ

ತುಮಕೂರಿನ ನಮ್ಮ ಮನೆ ಶೆಡ್ಡಿನಲ್ಲಿ ಅಪ್ಪನ ಪ್ರೀಮಿಯರ್ ಪದ್ಮಿನಿ ಒಂಬತ್ತು ವರ್ಷ ನಿಂತಿತ್ತು. ನಿಮ್ಮಲ್ಲೂ ಅಂಥ ಕಾರಿದ್ದರೆ, ಹೊಸ ಬ್ಯಾಟರಿ ತಂದ ಕೂಡಲೇ ಕೀ ತಿರುಗಿಸಬೇಡಿ.

ಮೊದಲು ಬಾನೆಟ್ ಎತ್ತಿ, ಟಾರ್ಚ್ ಹಿಡಿದು ನೋಡಿ. ನಮ್ಮ ಏರ್ ಫಿಲ್ಟರ್ ಡಬ್ಬಿಯೊಳಗೆ ಇಲಿ ಗೂಡು ಕಟ್ಟಿತ್ತು, ಹತ್ತಿ, ಕಡಲೆಕಾಯಿ ಸಿಪ್ಪೆ, ವೈರಿನ ಚೂರು ಎಲ್ಲ ಇತ್ತು. ಇಲಿ ಕಡಿದ ವೈರಿಗೆ ಸುಮ್ನೆ ಟೇಪ್ ಸುತ್ತಬೇಡಿ, ಬದಲಿಸಿ.

ಆಮೇಲೆ ಇಂಜಿನ್. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು, ರಾತ್ರಿಯೆಲ್ಲ ಹಾಗೇ ಬಿಡಿ. ಬೆಳಿಗ್ಗೆ ಟಾಪ್ ಗೇರಿಗೆ ಹಾಕಿ, ಇಬ್ಬರು ಸೇರಿ ಕಾರನ್ನು ಮೆಲ್ಲಗೆ ತಳ್ಳಿ. ಪಿಸ್ಟನ್ ಆಡುತ್ತಿದ್ದರೆ ಪ್ಲಗ್ ತೂತಿನಿಂದ ಉಸ್ ಅಂತ ಗಾಳಿ ಬರುತ್ತದೆ. ಆ ಸದ್ದು ಕೇಳಿ ನನ್ನ ಕಣ್ಣು ತುಂಬಿ ಬಂತು. ಬಿಗಿದಿದ್ದರೆ ಬಲ ಹಾಕಬೇಡಿ, ಇನ್ನೆರಡು ದಿನ ಎಣ್ಣೆಯಲ್ಲಿ ನೆನೆಯಲಿ.

ಹಳೆ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿ ತೊಳೆಯಿರಿ. ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಇರುತ್ತದೆ ಅಲ್ವಾ, ಹಳೆ ರಬ್ಬರ್ ಪೈಪು ಅದಕ್ಕೆ ತಡೆಯುವುದಿಲ್ಲ. ಪೈಪುಗಳನ್ನೂ ಬದಲಿಸಿ. ಇಂಜಿನ್ ಆಯಿಲ್, ಕೂಲೆಂಟ್ ಹೊಸದು ಹಾಕಿ.

ಬ್ರೇಕಿನಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಚಕ್ರದೊಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನ ರಬ್ಬರ್, ಬ್ರೇಕ್ ಆಯಿಲ್ ಎರಡೂ ಹೊಸದಾಗಲಿ. ಟೈರಿನ ಪಕ್ಕದಲ್ಲಿ 2214 ಅಂತಿದ್ದರೆ ಅದು 2014ರ 22ನೇ ವಾರದ್ದು, ನೆಲ ಹಿಡಿಯುವ ಟ್ರೆಡ್ ಎಷ್ಟೇ ಚೆನ್ನಾಗಿದ್ದರೂ ತೆಗೆಯಿರಿ.

ಆರ್‌ಸಿ 15 ವರ್ಷ ದಾಟಿದ್ದರೆ ಆರ್‌ಟಿಒದಲ್ಲಿ ರಿನ್ಯೂ ಮಾಡಿಸಿ, ಇನ್ಶೂರೆನ್ಸ್ ಕಟ್ಟಿ. ದೇವರಾಯನದುರ್ಗದ ಬೆಟ್ಟ ಹತ್ತುವ ಮೊದಲು ಒಂದು ವಾರ ಸಮತಟ್ಟು ರಸ್ತೆಯಲ್ಲೇ ಓಡಿಸಿ, ಬ್ರೇಕ್ ಹಿಡಿಯುತ್ತದಾ ನೋಡಿಕೊಳ್ಳಿ.