ಮೊಣಕಾಲು ನೋವು: ಸ್ಪ್ರೇಗಿಂತ ಮೊದಲು ಒಂದು ಬೆರಳು

ಕೊಯ್ಲು ಮುಗಿದು ಗದ್ದೆ ಖಾಲಿಯಾಯಿತೆಂದರೆ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ತ್ರಿಕ್ಕರಿಪುರದವರೆಗೆ ಕಬಡ್ಡಿ, ಫುಟ್‌ಬಾಲ್‌ಗಳ ಭರಾಟೆ. ಹದಿಮೂರರ ಹುಡುಗರು ಮೊಣಕಾಲು ಹಿಡಿದು ಬದಿಗೆ ಕೂರುವುದೂ ಆಗಲೇ. ಸುತ್ತ ನಿಂತವರು ಮೊದಲು ಸ್ಪ್ರೇ ಹೊಡೆಯುತ್ತಾರೆ, ಆಮೇಲೆ ಎಣ್ಣೆ ತಿಕ್ಕುತ್ತಾರೆ. ಎರಡೂ ಬೇಡ. ಸ್ಪ್ರೇಯಿಂದ ಚರ್ಮ ಸ್ವಲ್ಪ ಹೊತ್ತು ಮರಗಟ್ಟುತ್ತದೆ, ಅಷ್ಟೇ. ಮೊಣಕಾಲ ಗಂಟಿನೊಳಗೆ ರಕ್ತ ಸೇರಿದ್ದರೆ ತಿಕ್ಕಿದಷ್ಟೂ ಬಾವು ಏರುತ್ತದೆ.

ಮೊದಲ ಪ್ರಶ್ನೆ: ಬಿದ್ದು, ತಿರುಚಿ ಬಂದ ನೋವೋ, ದಿನಗಳೆದಂತೆ ತಾನಾಗಿ ಬಂದದ್ದೋ? ಕಬಡ್ಡಿಯಲ್ಲಿ ರೈಡ್ ಮಾಡುವಾಗ ಹಿಂಗಾಲು ಹಿಡಿತದಲ್ಲಿ ಸಿಕ್ಕಿ ಮೈ ತಿರುಗಿ, ‘ಟಪ್’ ಎಂದು ಸದ್ದಾಗಿ, ಎರಡು ಗಂಟೆಯೊಳಗೆ ಮೊಣಕಾಲು ಊದಿಕೊಂಡರೆ ಒಳಗಿನ ಲಿಗಮೆಂಟ್ (ಎಲುಬುಗಳನ್ನು ಜೋಡಿಸುವ ಕಟ್ಟು) ಹರಿದಿರಬಹುದು. ಎಳೆಯರಲ್ಲಿ ಲಿಗಮೆಂಟ್ ಗಟ್ಟಿಯಿದ್ದು, ಅದು ಅಂಟಿಕೊಂಡ ಎಲುಬಿನ ಚೂರೇ ಕಿತ್ತು ಬರುವುದೂ ಉಂಟು. ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲಾಗದಿದ್ದರೆ, 90 ಡಿಗ್ರಿ ಮಡಚಲಾಗದಿದ್ದರೆ, ಮಡಚುವ ನಡುವೆ ಗಂಟು ಸಿಕ್ಕಿಹಾಕಿಕೊಂಡರೆ ಅಂದೇ ಎಕ್ಸ್‌ರೇ ಆಗಬೇಕು. ಜ್ವರ ಬಂದು ಗಂಟು ಕೆಂಪಾಗಿದ್ದರೂ, ಆಡದ ದಿನವೂ ರಾತ್ರಿ ನಿದ್ದೆಗೆಡಿಸುವ ನೋವಿದ್ದರೂ ಮನೆಮದ್ದು ಮಾಡುತ್ತ ದಿನ ಕಳೆಯಬೇಡಿ.

ತಾನಾಗಿ ಬಂದ ನೋವಿನಲ್ಲೇ ಹೆಚ್ಚಿನವರು ಎಡವುವುದು. ಹುಡುಗನನ್ನು ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂರಿಸಿ, ‘ಒಂದೇ ಬೆರಳಿನಿಂದ ತೋರಿಸು’ ಎನ್ನಿ. ಅಂಗೈ ಇಟ್ಟು ಸವರಿದರೆ ಒಪ್ಪಬೇಡಿ, ಮತ್ತೆ ಕೇಳಿ. ಮೊಣಕಾಲ ಚಿಪ್ಪಿನಿಂದ ಎರಡು ಬೆರಳು ಕೆಳಗೆ, ಕಣಕಾಲಿನ ಎಲುಬು ಉಬ್ಬಿದ ಕಡೆ ಒತ್ತಿದಾಗ ‘ಅಯ್ಯೋ’ ಎಂದರೆ ಅದು ಆಸ್‌ಗುಡ್-ಷ್ಲಾಟರ್: ಎಲುಬು ಇನ್ನೂ ಬಲಿಯದ ಜಾಗವನ್ನು ತೊಡೆಯ ಸ್ನಾಯು ಎಳೆದೆಳೆದು ಆಗುವ ನೋವು. ಎತ್ತರ ಬೇಗ ಬೇಗ ಏರುವ ವಯಸ್ಸಿನಲ್ಲಿ, ಹುಡುಗಿಯರಲ್ಲಿ ಹುಡುಗರಿಗಿಂತ ಒಂದೆರಡು ವರ್ಷ ಮೊದಲೇ, ಇದು ಬರುತ್ತದೆ. ನೋವು ಚಿಪ್ಪಿನ ಕೆಳತುದಿಯಲ್ಲಿದ್ದರೆ ಅದೇ ಎಳೆತ, ಜಾಗ ಮಾತ್ರ ಬೇರೆ. ಬೆರಳಿಡಲು ಜಾಗವೇ ಸಿಗದೆ ‘ಸುತ್ತ ಎಲ್ಲ’ ಎನ್ನುವ, ಮೆಟ್ಟಿಲಿಳಿಯುವಾಗ, ಬಸ್ಸಿನಲ್ಲಿ ಹೊತ್ತು ಕೂತು ಏಳುವಾಗ ನೋಯುವ ಮಕ್ಕಳಲ್ಲಿ ತೊಂದರೆ ಚಿಪ್ಪಿನ ಹಿಂಬದಿಯದು.

ಇಷ್ಟಕ್ಕೇ ಮುಗಿಸಿದರೆ ದೊಡ್ಡ ತಪ್ಪು. ಮೊಣಕಾಲು ನೋವೆಂದು ಬಂದ ಪ್ರತಿ ಮಗುವಿನ ಸೊಂಟದ ಕೀಲನ್ನೂ (ತೊಡೆ ಸೊಂಟಕ್ಕೆ ಸೇರುವ ಗಂಟು) ನೋಡಲೇಬೇಕು. ಎರಡೂ ಕೀಲುಗಳಿಗೆ ಹೋಗುವ ನರಗಳು ಅವೇ ಆದ್ದರಿಂದ ಸೊಂಟ ಕೆಟ್ಟರೂ ಮಗು ಮೊಣಕಾಲನ್ನೇ ತೋರಿಸಬಹುದು. ಅಂಗಾತ ಮಲಗಿಸಿ, ಸೊಂಟ ಮತ್ತು ಮೊಣಕಾಲನ್ನು 90 ಡಿಗ್ರಿಗೆ ಮಡಚಿ, ಪಾದವನ್ನು ಮೆಲ್ಲ ಹೊರಕ್ಕೆ ಒಯ್ಯಿರಿ. ತೊಡೆ ಒಳಕ್ಕೆ ತಿರುಗುತ್ತದೆ. ಇನ್ನೊಂದು ಕಾಲಿನಷ್ಟು ತಿರುಗದಿದ್ದರೆ, ತೊಡೆಸಂದಿನಲ್ಲಿ ನೋವೆಂದರೆ, ಅಥವಾ ಮಡಚುವಾಗಲೇ ಮೊಣಕಾಲು ಹೊರಗೆ ವಾಲಿದರೆ ಅಲ್ಲಿಗೇ ನಿಲ್ಲಿಸಿ, ಬಲ ಹಾಕಬೇಡಿ. ತೊಡೆ ಎಲುಬಿನ ತಲೆ ಜಾರಿರಬಹುದು. ಕುಂಟುವ, ಸ್ವಲ್ಪ ದಪ್ಪ ಮಕ್ಕಳಲ್ಲಿ ವಿಶೇಷವಾಗಿ. ಮತ್ತೆ ನಡೆಸದೆ ಎತ್ತಿಕೊಂಡು ಹೋಗಿ, ಎರಡೂ ಸೊಂಟದ ಎಕ್ಸ್‌ರೇ ಕೇಳಿ. ಮಂಗಳೂರಿಗೆ ಹೋಗಿ ಮೊಣಕಾಲಿನ ಎಂಆರ್‌ಐ ಮಾಡಿಸಿ ‘ಏನೂ ಇಲ್ಲವಂತೆ’ ಎಂದು ಮರಳುವವರ ಸೊಂಟದತ್ತ ಯಾರೂ ನೋಡಿರುವುದಿಲ್ಲ.

ಎಳೆತದ ನೋವೆಂದು ಖಾತ್ರಿಯಾದರೆ ಬೈರಾಸಿನಲ್ಲಿ (ಟವೆಲಿನಲ್ಲಿ) ಸುತ್ತಿದ ಐಸ್ 15 ನಿಮಿಷ ಇಡಿ. ಪಂದ್ಯಕ್ಕೆ ಮುಂಚೆ ನೋವಿನ ಮಾತ್ರೆ ನುಂಗಿಸುವ ಕೋಚ್‌ಗಳಿದ್ದಾರೆ. ನೋವೆಂಬ ಎಚ್ಚರಿಕೆಯನ್ನೇ ಮುಚ್ಚಿಸಿ ಆಡಿಸುವುದು ಅದು. ಉಬ್ಬಿದ ಜಾಗಕ್ಕೆ ಸ್ಟಿರಾಯ್ಡ್ ಚುಚ್ಚುಮದ್ದು ಸರ್ವಥಾ ಬೇಡ. ಅಂಗಡಿಯ ಸಡಿಲ ನೀಕ್ಯಾಪ್ ಧೈರ್ಯ ಕೊಡುತ್ತದೆ, ಎಳೆತ ಕಡಿಮೆ ಮಾಡುವುದಿಲ್ಲ.

ಆಟ ಪೂರ್ತಿ ಬಿಡಿಸಬೇಡಿ. ಒಂದು ತಿಂಗಳು ಮಲಗಿದ ತೊಡೆ ಸೊರಗುತ್ತದೆ. ಮರುದಿನವೇ ಟೂರ್ನಮೆಂಟಿಗಿಳಿದರೆ ನೋವು ಎರಡುಪಟ್ಟು. ನೋವು ಎಷ್ಟೆಂದು ಹುಡುಗನೇ ಹತ್ತರಲ್ಲಿ ಅಂಕ ಕೊಡಲಿ. 10ಕ್ಕೆ 3ರೊಳಗಿನ ನೋವಿದ್ದು ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಅಷ್ಟು ಆಡಬಹುದು. ಇಳಿಯದಿದ್ದರೆ ಮುಂದಿನ ಅಭ್ಯಾಸ ಅರ್ಧಕ್ಕಿಳಿಸಿ. ಮೊದಲು ಕೈಬಿಡಬೇಕಾದ್ದು ಜಿಗಿತ ಮತ್ತು ಮಂಡಿಯೂರುವುದು. ಯಕ್ಷಗಾನ ಕಲಿಯುವ ಮಕ್ಕಳ ದಿಗಿಣವೂ (ಸುತ್ತುತ್ತ ಜಿಗಿಯುವ ಕುಣಿತ) ಈ ಲೆಕ್ಕದಲ್ಲೇ ಬರುತ್ತದೆ. ಪದವಿನ (ಗುಡ್ಡದ ಮೇಲಿನ ಬಯಲಿನ) ಗಟ್ಟಿ ಮುರಕಲ್ಲಿನ ನೆಲಕ್ಕಿಂತ ಗದ್ದೆಯ ಮೆದುನೆಲದಲ್ಲೇ ಓಡಿಸಿ.

ವ್ಯಾಯಾಮ ದಿನ ಬಿಟ್ಟು ದಿನ: ಗೋಡೆಗೆ ಬೆನ್ನು ಆನಿಸಿ, ನೋಯದಷ್ಟೇ ಮಡಚಿ 30 ಸೆಕೆಂಡ್, ಐದು ಸಲ. ಮಗ್ಗುಲಾಗಿ ಮಲಗಿ ಮೇಲಿನ ಕಾಲೆತ್ತುವುದು, ಹತ್ತರಂತೆ ಮೂರು ಸುತ್ತು. ಒಂದು ವಾರದ ಬಳಿಕ ಜಗಲಿಯ ಗಿಡ್ಡ ಮೆಟ್ಟಿಲಿನಲ್ಲಿ ಒಂಟಿಕಾಲಲ್ಲಿ ನಿಂತು, ಇನ್ನೊಂದರ ಹಿಮ್ಮಡಿ ನೆಲಕ್ಕೆ ತಾಗುವಷ್ಟು ನಿಧಾನವಾಗಿ ಇಳಿಯುವುದು. ಇದನ್ನು ಎದುರಿನಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿ. ಚಿಪ್ಪು ಹೆಬ್ಬೆರಳನ್ನೂ ದಾಟಿ ಒಳಕ್ಕೆ ವಾಲಿದರೆ ಸೊಂಟದ ಬಲ ಸಾಲದೆಂದರ್ಥ. ಮೆಟ್ಟಿಲು ಬಿಟ್ಟು ಕಾಲೆತ್ತುವುದಕ್ಕೇ ಮರಳಿ. ಒಂಟಿಕಾಲಲ್ಲಿ ಹತ್ತು ಸಲ ನೋವಿಲ್ಲದೆ ಇಳಿದವನಿಗೆ ನೇರ ಓಟ, ಅದು ಒಗ್ಗಿದ ಮೇಲೆ ತಿರುವು, ಆಮೇಲೆ ಜಿಗಿತ, ಎಲ್ಲಕ್ಕಿಂತ ಕೊನೆಗೆ ರೈಡ್. ಆಸ್‌ಗುಡ್ ನೋವು ತಿಂಗಳುಗಟ್ಟಲೆ ಬಂದು ಹೋಗುತ್ತಿರುತ್ತದೆ. ಬೆಳವಣಿಗೆ ನಿಂತಾಗ ಹೆಚ್ಚಿನವರಲ್ಲಿ ನೋವು ಹೋಗಿ ಉಬ್ಬು ಮಾತ್ರ ಉಳಿಯುತ್ತದೆ. ಆರು ವಾರ ಹೀಗೆ ಮಾಡಿಯೂ ನೋವಿನ ಅಂಕ ಇಳಿಯದಿದ್ದರೆ ಮೂಳೆ ವೈದ್ಯರಲ್ಲಿಗೆ ಹೋಗಿ, ಆಡಿದ ಹೊತ್ತು ಮತ್ತು ನೋವಿನ ಅಂಕ ಬರೆದಿಟ್ಟ ನೋಟ್‌ಬುಕ್ ಜೊತೆಗಿರಲಿ.