ಡ್ರ್ಯಾಗ್ ರೇಸ್: ಎಡಗಾಲು ಪಳಗಿದರೆ ಗಾಡಿ ಗೆರೆ ಬಿಡುತ್ತದೆ

ಡ್ರ್ಯಾಗ್ ರೇಸ್ ನೋಡಲು ಹೋದವರಿಗೆ ಕಾಣುವುದು, ಕೇಳುವುದು ಎಲ್ಲ ಬಲಗಾಲಿನ ಆರ್ಭಟವೇ. ಮ್ಯಾನುಯಲ್ ಗೇರಿನ ಕಾರಿನಲ್ಲಿ ಸೋಲು ಗೆಲುವು ಮಾತ್ರ ಬಹಳ ಸಲ ಎಡಗಾಲಿನಲ್ಲಿರುತ್ತದೆ. ನಿಂತಲ್ಲಿಂದ ಹೊರಟು ನೇರಕ್ಕೆ ಓಡುವ ಈ ಓಟ 402 ಮೀಟರಿನದಾದರೂ ಮೊದಲ 60 ಅಡಿಗೆ, ಅಂದರೆ 18 ಮೀಟರಿಗೆ, ಹಿಡಿದ ಸಮಯವನ್ನು ಟೈಮ್ ಸ್ಲಿಪ್ ಎಂಬ ಚೀಟಿಯಲ್ಲಿ ಬೇರೆಯಾಗಿ ಮುದ್ರಿಸಿ ಕೊಡುತ್ತಾರೆ. ಅಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಸಿದರೆ ಕೊನೆಯ ಗೆರೆಯಲ್ಲಿ ಅದರ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಉಳಿಯುತ್ತದೆ ಎಂಬುದು ಟ್ರ್ಯಾಕಿನವರ ಲೆಕ್ಕಾಚಾರ.

ಮೊದಲ ಸಲ ಗೆರೆಯಲ್ಲಿ ನಿಂತಾಗ ನಾನು ಎಂಜಿನ್ ಅನ್ನು 5,000 ಆರ್‌ಪಿಎಂಗೆ (ನಿಮಿಷಕ್ಕೆ 5,000 ಸುತ್ತಿಗೆ) ಏರಿಸಿ, ಕ್ಲಚ್ ಪೆಡಲ್ ಮೇಲಿನಿಂದ ಕಾಲನ್ನು ಪಕ್ಕಕ್ಕೆ ಜಾರಿಸಿಬಿಟ್ಟೆ. ಮುಂದಿನ ಚಕ್ರಗಳು ಹೊಗೆಯೆಬ್ಬಿಸುತ್ತ ಇದ್ದಲ್ಲೇ ತಿರುಗಿದವು. ಪಕ್ಕದ ಲೇನಿನಲ್ಲಿದ್ದ ಸಣ್ಣ ಎಂಜಿನ್ನಿನ ಗಾಡಿ ಸದ್ದಿಲ್ಲದೆ ಹೊರಟುಹೋಯಿತು. ಎರಡನೇ ಸಲ ಹೆದರಿಕೊಂಡು 1,500ಕ್ಕೇ ಬಿಟ್ಟೆ. ಎಂಜಿನ್ ಒಮ್ಮೆ ಮುಗ್ಗರಿಸಿ ಆಫ್ ಆಯಿತು. ಆಮೇಲೆ ಗೊತ್ತಾಯಿತು, ನನಗೆ ತಿಳಿಯದಿದ್ದದ್ದು ಎಷ್ಟು ಆರ್‌ಪಿಎಂ ಎಂಬುದಲ್ಲ, ಕ್ಲಚ್ ಬಿಡುವ ಬಗೆ.

ಕ್ಲಚ್ ತುಂಬಬೇಕಾದ ಕಂದಕ

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಮೊದಲ ಗೇರಿನಲ್ಲಿ ಎಂಜಿನ್ 14 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಟೈರಿನ ಸುತ್ತಳತೆ 1.9 ಮೀಟರ್ ಇದ್ದರೆ, 3,000 ಆರ್‌ಪಿಎಂನಲ್ಲಿ ಗಾಡಿ ಗಂಟೆಗೆ ಸುಮಾರು 24 ಕಿ.ಮೀ. ವೇಗದಲ್ಲಿ ಓಡಬೇಕು. ಆದರೆ ಅದು ನಿಂತಿದೆ! ಈ 24 ಕಿ.ಮೀ. ವೇಗದ ಅಂತರವನ್ನು ಕ್ಲಚ್ ಪ್ಲೇಟ್ ಉಜ್ಜಿಕೊಂಡು, ಜಾರಿಕೊಂಡು ತುಂಬಬೇಕು. ಎಂಜಿನ್ ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿದರೆ, ಗಾಡಿಗೆ ಎಷ್ಟು ಚಲನಶಕ್ತಿ ದಕ್ಕುತ್ತದೋ ಅಷ್ಟೇ ಶಾಖ ಕ್ಲಚ್‌ನಲ್ಲಿ ಹುಟ್ಟುತ್ತದೆ. 1,200 ಕಿಲೋ ತೂಕದ ಕಾರಿಗೆ ಅದು ಸುಮಾರು 27 ಕಿಲೋಜೂಲ್. 3,000ದ ಬದಲು 5,000ಕ್ಕೆ ಬಿಟ್ಟು, ಚಕ್ರ ಜಾರದಂತೆ ಕ್ಲಚ್‌ನಲ್ಲೇ ನಿಭಾಯಿಸಲು ಹೋದರೆ 75ರ ಹತ್ತಿರ. ಆರ್‌ಪಿಎಂ ಎರಡು ಪಟ್ಟೂ ಆಗಿಲ್ಲ, ಶಾಖ ಮೂರು ಪಟ್ಟಿನ ಹತ್ತಿರ ಹೋಯಿತು. ಮೀಟರಿನ ಮುಳ್ಳು ಮೇಲೆ ಹೋದಷ್ಟೂ ಒಳ್ಳೆಯದು ಎನ್ನುವವರಿಗೆ ನಾನು ಈ ಲೆಕ್ಕವನ್ನೇ ಹೇಳುವುದು.

ಕಾಲಿಗೆ ಪಾಠ

ಟ್ರ್ಯಾಕಿಗೆ ಹೋಗುವ ಮೊದಲು ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದು ಕಾಲಿಗೆ ಬಾಯಿಪಾಠವಾಗಿರಬೇಕು. ಸಮತಟ್ಟಾದ ಖಾಲಿ ಜಾಗದಲ್ಲಿ ಎಂಜಿನ್ ಚಾಲೂ ಮಾಡಿ, ಮೊದಲ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಅನ್ನು ನಿಧಾನವಾಗಿ ಬಿಡುತ್ತ ಬನ್ನಿ. ಒಂದು ಹಂತದಲ್ಲಿ ಆರ್‌ಪಿಎಂ ಮುಳ್ಳು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಗಾಡಿ ಉಸಿರೆಳೆದುಕೊಂಡಂತೆ ಅಲುಗುತ್ತದೆ. ಅಲ್ಲಿಗೆ ನಿಲ್ಲಿಸಿ, ಮತ್ತೆ ಒತ್ತಿ. ಇಪ್ಪತ್ತು ಸಲ ಮಾಡಿ. ಪೆಡಲ್ ಓಡಾಡುವ ದೂರ ಎಷ್ಟೇ ಇರಲಿ, ಕೆಲಸ ನಡೆಯುವುದು ನಡುವಿನ ಒಂದು ಹೆಬ್ಬೆರಳಿನಗಲದಲ್ಲಿ. ಉಳಿದದ್ದೆಲ್ಲ ಬರಿಯ ಖಾಲಿ.

ಹಿಮ್ಮಡಿ ನೆಲದಲ್ಲಿ ಊರಿರಲಿ, ಪಾದ ಕೀಲಿನಲ್ಲಿ ತಿರುಗಲಿ. ಇಡೀ ಕಾಲನ್ನು ಎತ್ತಿ ಇಳಿಸುವವರಿಗೆ ಈ ಹೆಬ್ಬೆರಳಿನಗಲ ಸಿಗುವುದು ಕಷ್ಟ. ದಪ್ಪ ಅಟ್ಟೆಯ ಶೂ ಬೇಡ. ಕೆಲವು ಕಾರುಗಳಲ್ಲಿ ಕ್ಲಚ್ ದ್ರವದ ಪೈಪಿನೊಳಗೆ ಸಣ್ಣ ತಡೆಯೊಂದಿರುತ್ತದೆ; ನೀವು ಪೆಡಲನ್ನು ಎಷ್ಟೇ ಬೇಗ ಬಿಟ್ಟರೂ ಕ್ಲಚ್ ತನ್ನ ಪಾಡಿಗೆ ನಿಧಾನವಾಗಿ ಹಿಡಿಯುತ್ತದೆ. ಅಂಥ ಗಾಡಿಯಲ್ಲಿ ಕಾಲು ಹೇಳುವುದನ್ನು ಪೂರ್ತಿ ನಂಬಬೇಡಿ.

ಇಷ್ಟನ್ನು ಎಲ್ಲಿ ಬೇಕಾದರೂ ಕಲಿಯಬಹುದು. ಮುಂದಿನದ್ದಕ್ಕೆ ಮಾತ್ರ ರೇಸ್ ಟ್ರ್ಯಾಕೇ ಬೇಕು. ಸಿಗ್ನಲ್ ಹಸಿರಾದಾಗ ರಸ್ತೆಯಲ್ಲಿ ಇದನ್ನು ಪ್ರಯೋಗಿಸುವವರ ಬಗ್ಗೆ ನನಗೆ ಕಿಂಚಿತ್ತೂ ಗೌರವವಿಲ್ಲ.

ಗೆರೆಯಲ್ಲಿ

ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರದಂತೆ ತಾನಾಗಿ ತಡೆಯುವ ವ್ಯವಸ್ಥೆ) ಮತ್ತು ಎಸಿ ಆಫ್ ಮಾಡಿ. ರಸ್ತೆಯ ಟೈರುಗಳಿದ್ದರೆ ನೀರು ಹಾಕಿದ ಜಾಗವನ್ನು ತಪ್ಪಿಸಿ, ಪಕ್ಕದಿಂದ ಸುತ್ತಿಕೊಂಡು ಬನ್ನಿ. ಟೈರಿನ ಗೀರುಗಳಲ್ಲಿ ಸಿಕ್ಕಿಕೊಂಡ ನೀರು ಗೆರೆಯ ಮೇಲೇ ತೊಟ್ಟಿಕ್ಕಿ ನಿಮ್ಮನ್ನೇ ಜಾರಿಸುತ್ತದೆ. ಗಾಡಿ ಗೆರೆಗೆ ಸರಿಯಾಗಿ ಬಂದು ನಿಂತಿದೆ ಎಂದು ತಿಳಿಸುವ ಸ್ಟೇಜ್ ದೀಪ ಹೊತ್ತಿಕೊಳ್ಳುವವರೆಗೆ ಹಾಫ್ ಕ್ಲಚ್‌ನಲ್ಲಿ ಇಂಚಿಂಚಾಗಿ ಸರಿಯಿರಿ, ಆಮೇಲೆ ಪೆಡಲನ್ನು ಪೂರ್ತಿ ಒತ್ತಿಕೊಂಡು ಕಾಯಿರಿ. ಸಾಮಾನ್ಯ ಸ್ಪರ್ಧೆಗಳಲ್ಲಿ ಮೂರು ಹಳದಿ ದೀಪಗಳು ಅರ್ಧರ್ಧ ಸೆಕೆಂಡಿಗೆ ಒಂದೊಂದಾಗಿ ಹೊತ್ತುತ್ತವೆ, ಮತ್ತರ್ಧ ಸೆಕೆಂಡಿಗೆ ಹಸಿರು. ಆದರೆ ನಿಮ್ಮ ಓಟದ ಗಡಿಯಾರ ಶುರುವಾಗುವುದು ಹಸಿರು ದೀಪದಿಂದಲ್ಲ, ಮುಂದಿನ ಟೈರು ಗೆರೆಯ ಬೆಳಕಿನ ಕಿರಣವನ್ನು ಬಿಟ್ಟು ಸರಿದಾಗ. ಹಾಗಾಗಿ ಅಭ್ಯಾಸದ ದಿನ ದೀಪದ ಜೊತೆ ಜಿದ್ದಿಗೆ ಬೀಳುವುದು ವ್ಯರ್ಥ. ಹಸಿರಾದ ಮೇಲೆ ಒಂದು ಕ್ಷಣ ಬಿಟ್ಟೇ ಹೊರಡಿ, ಗಮನವೆಲ್ಲ ಪಾದದಲ್ಲಿರಲಿ.

ಎಷ್ಟು ಆರ್‌ಪಿಎಂ? ರಸ್ತೆಯ ಟೈರಿನ, ಮುಂಚಕ್ರ ಎಳೆಯುವ ಪೆಟ್ರೋಲ್ ಕಾರಾದರೆ 2,500ರಿಂದ ಶುರು ಮಾಡಿ. ಹೊರಟ ಕೂಡಲೇ ಭಾರ ಹಿಂದಕ್ಕೆ ವಾಲುವುದರಿಂದ ಮುಂದಿನ ಟೈರುಗಳ ಹಿಡಿತ ಕಡಿಮೆಯಾಗುತ್ತದೆ. ಹಿಂಚಕ್ರದ ಗಾಡಿಗೆ ಅದೇ ಭಾರ ವರವಾಗುವುದರಿಂದ ಇನ್ನೊಂದೈನೂರು ಹೆಚ್ಚಿಗೆ ತಡೆಯುತ್ತದೆ. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಟೈರು ಸುಲಭಕ್ಕೆ ಜಾರುವುದಿಲ್ಲ. ಏಟು ನೇರವಾಗಿ ಕ್ಲಚ್‌ಗೆ, ಗೇರ್‌ಬಾಕ್ಸ್‌ಗೆ, ಆಕ್ಸಲ್‌ಗೆ.

ಆ ಒಂದು ಸೆಕೆಂಡ್

ಕ್ಲಚ್ ಹಿಡಿಯುವ ಜಾಗದವರೆಗೆ ಪಾದವನ್ನು ಬೇಗ ತನ್ನಿ, ಆ ದೂರ ಹೇಗಿದ್ದರೂ ಖಾಲಿ. ಅಲ್ಲಿ ಮುಟ್ಟಿದ ತಕ್ಷಣ ಪಾದದ ವೇಗ ತಗ್ಗಬೇಕು, ಆದರೆ ಪಾದ ನಿಲ್ಲಬಾರದು. ಕ್ಲಚ್ ಹಿಡಿಯುತ್ತಿದ್ದಂತೆ ಎಂಜಿನ್ ಕೆಳಕ್ಕೆ ಜಗ್ಗುತ್ತದೆ. ಅದು ಜಗ್ಗಿದಷ್ಟನ್ನು ಬಲಗಾಲು ಆಕ್ಸಿಲರೇಟರ್‌ನಲ್ಲಿ ತುಂಬಿಕೊಡುತ್ತಿರಬೇಕು. ಈಗ ಮೀಟರ್ ನೋಡುವ ಹೊತ್ತಲ್ಲ, ಕಿವಿಗೆ ಕೆಲಸ. ಎಂಜಿನ್ ಸ್ವರ ಒಂದೇ ಶ್ರುತಿಯಲ್ಲಿ ನಿಂತಿದ್ದರೆ ನೀವು ಸರಿಯಾಗಿ ಬಿಡುತ್ತಿದ್ದೀರಿ. ಸ್ವರ ಕುಸಿದರೆ ಅವಸರ ಮಾಡಿದಿರಿ. ಪೆಡಲನ್ನು ಒಂದು ಕಡಲೆಕಾಳಿನಷ್ಟು ಒತ್ತಿ, ಎಂಜಿನ್ ಚೇತರಿಸಿಕೊಳ್ಳಲಿ. ಸ್ವರ ಏರಿದರೆ ಜಾರುತ್ತಿರುವುದು ಟೈರೋ ಕ್ಲಚ್ಚೋ ಎಂದು ಗುರುತಿಸಬೇಕು. ಟೈರು ಕಿರುಚಿ, ಮುಂಚಕ್ರದ ಗಾಡಿಯಲ್ಲಿ ಸ್ಟೀರಿಂಗ್ ಹಗುರವಾದರೆ ಟೈರು. ಬಲಗಾಲನ್ನು ತುಸು ಸಡಿಲಿಸಿ, ಕ್ಲಚ್ ಮುಟ್ಟಬೇಡಿ. ಕಿರುಚಾಟವಿಲ್ಲದೆ ಎಂಜಿನ್ ಮಾತ್ರ ಅರಚುತ್ತಿದ್ದರೆ ಕ್ಲಚ್. ಪಾದವನ್ನು ಇನ್ನಷ್ಟು ಬಿಡಿ. ಟೈರು ನೆಲಕ್ಕಿಂತ ಅಲ್ಪ ಸ್ವಲ್ಪ ಜೋರಾಗಿ ತಿರುಗಿದಾಗಲೇ ಅದರ ಹಿಡಿತ ಹೆಚ್ಚು, ಆದ್ದರಿಂದ ಸಣ್ಣ ಕೀಚಲಿಗೆ ಗಾಬರಿ ಬೇಡ. ಗಾಡಿ ದಡದಡನೆ ಕುಪ್ಪಳಿಸತೊಡಗಿದರೆ ಮಾತ್ರ ಆಕ್ಸಿಲರೇಟರ್ ಪೂರ್ತಿ ಬಿಟ್ಟುಬಿಡಿ. ಆಕ್ಸಲ್ ಮುರಿಯುವುದು ಹೀಗೆಯೇ.

ಎಂಜಿನ್ ಮತ್ತು ಗಾಡಿಯ ವೇಗ ಕೂಡಿಕೊಂಡಾಗ ಕ್ಲಚ್‌ನ ಉಜ್ಜಾಟ ನಿಂತದ್ದು ಕೂತಲ್ಲಿಗೇ ತಿಳಿಯುತ್ತದೆ. ಆಗ ಎಡಗಾಲನ್ನು ಪೆಡಲಿನಿಂದ ಪೂರ್ತಿ ತೆಗೆದು, ಬಲಗಾಲನ್ನು ನೆಲಕ್ಕೆ ಒತ್ತಿ. ಎರಡನೇ ಗೇರಿನವರೆಗೆ ಎಡಗಾಲಿಗೆ ಕೆಲಸವಿಲ್ಲ.

ರನ್ ಮುಗಿದ ಮೇಲೆ ಟೈಮ್ ಸ್ಲಿಪ್‌ನ ಹಿಂಬದಿಯಲ್ಲಿ ಬಿಟ್ಟ ಆರ್‌ಪಿಎಂ, ಟೈರಿನ ಗಾಳಿ, ಆದದ್ದೇನು ಎಂದು ಬರೆದಿಡಿ. ಮುಂದಿನ ರನ್‌ಗೆ ಒಂದೇ ಒಂದು ಬದಲಾವಣೆ, 250 ಆರ್‌ಪಿಎಂ ಮೇಲಕ್ಕೋ ಕೆಳಕ್ಕೋ. ಎರಡನ್ನು ಒಟ್ಟಿಗೆ ಬದಲಿಸಿದರೆ 60 ಅಡಿಯ ಸಮಯ ಯಾವುದರಿಂದ ಇಳಿಯಿತು ಎಂದು ಯಾರೂ ಹೇಳಲಾರರು. ಸರದಿಯಲ್ಲಿ ನಿಂತಾಗ ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹಾಫ್ ಕ್ಲಚ್‌ನಲ್ಲಿ ತೆವಳಬೇಡಿ. ಬಿಸಿಯೇರಿದ ಕ್ಲಚ್ ಹಿಡಿಯುವ ಜಾಗವೇ ಸರಿದಿರಬಹುದು, ಪ್ರತಿ ರನ್‌ಗೆ ಮುಂಚೆ ಒಮ್ಮೆ ಪಾದದಲ್ಲಿ ಹುಡುಕಿ ನೋಡಿ. ಸುಟ್ಟ ವಾಸನೆ ಬಂದರೆ ಕ್ಲಚ್ ಪೂರ್ತಿ ಆರುವವರೆಗೆ ಸರದಿಯಿಂದ ಹೊರಗೆ ನಿಲ್ಲಿ.