ಪಿಯುಸಿ ಹುಡುಗಿ ಕೈಗೆತ್ತಿಕೊಳ್ಳುವ ಮುಖಪುಟ

ಪುಸ್ತಕದಂಗಡಿಯಲ್ಲಿ ಮಕ್ಕಳ ಪುಸ್ತಕಕ್ಕೆ ಒಂದು ಕಪಾಟು, ಕಾದಂಬರಿಗೆ ಇನ್ನೊಂದು. ಹತ್ತನೇ ಕ್ಲಾಸು, ಪಿಯುಸಿ ಓದುವವರಿಗೆ ಬರೆದ ಕನ್ನಡ ಕಾದಂಬರಿ ಎಲ್ಲಿ ಕೂರಬೇಕು? ಅದಕ್ಕೆಂದೇ ಕಪಾಟು ನಾನು ನೋಡಿದ ಅಂಗಡಿಗಳಲ್ಲಿ ಇಲ್ಲ. ಹಾಗಾಗಿ ಆ ಕೆಲಸವನ್ನೂ ಮುಖಪುಟವೇ ಮಾಡಬೇಕು. ಇದು ನಿನ್ನ ವಯಸ್ಸಿನವರದ್ದು ಅಂತ ದೂರದಿಂದಲೇ ಹೇಳಬೇಕು.

ಮುಖಪುಟ ಬಿಡಿಸುವುದು ನನ್ನ ಕೆಲಸ. ಈ ಸಲ ಕೈಗೆ ಬಂದದ್ದು ಉಡುಪಿ ಹತ್ತಿರದ ಮೀನುಗಾರಿಕೆ ಬಂದರು ಮಲ್ಪೆಯ ಕಥೆ. ಹೆಸರು 'ಬೋಟು ಬರದ ರಾತ್ರಿ'. ಅಣ್ಣ ಹೋದ ಬೋಟು ಹೇಳಿದ ಹೊತ್ತಿಗೆ ಬಂದಿಲ್ಲ, ಫೋನ್ ತಾಗುತ್ತಿಲ್ಲ, ತಂಗಿ ಬಂದರಿನಲ್ಲೇ ಬೆಳಗಿನವರೆಗೆ ಕಾಯುತ್ತಾಳೆ. ನಾನು ಹಸ್ತಪ್ರತಿ ಪೂರ್ತಿ ಓದದೆ ಪೆನ್ಸಿಲ್ ಹಿಡಿಯುವುದಿಲ್ಲ. ಸಾರಾಂಶ ಕಳಿಸುತ್ತೇನೆ, ಅಷ್ಟರಲ್ಲೇ ಮಾಡಿ ಎನ್ನುವವರು ಇದ್ದಾರೆ. ಸಾರಾಂಶದಲ್ಲಿ ಕಥೆ ಇರುತ್ತದೆ, ಹುಡುಗಿ ಇರುವುದಿಲ್ಲ. ಈ ಹುಡುಗಿಗೆ ಅಳುವುದಕ್ಕಿಂತ ಸಿಟ್ಟು ಜಾಸ್ತಿ. ಅದು ಓದಿದರೇ ಗೊತ್ತಾಗುವುದು.

ಪ್ರಕಾಶಕರಿಗೆ ಸೂರ್ಯಾಸ್ತ, ತೆಂಗಿನಮರ, ದೋಣಿ ಬೇಕಿತ್ತು. "ಕಡಲಿನ ಕಥೆಗೆ ಕಡಲೇ ಬೇಡವಾ ಮಾರಾಯ್ರೆ?" ಎಂದರು. ಅಂಥ ಚಿತ್ರ ನಮ್ಮ ಕರಾವಳಿಯ ಕ್ಯಾಲೆಂಡರಿಗೆ ಸರಿ. ಅದರಲ್ಲಿ ಯಾರ ಕಥೆಯೂ ಇಲ್ಲ ಅಲ್ವಾ?

ನಾನು ಒರಟು ಸ್ಕೆಚ್‌ಗಳನ್ನು ಮೊದಲು ತೋರಿಸುವುದು ನನ್ನ ತಂಗಿಯ ಮಗಳಿಗೆ. ಉಡುಪಿಯಲ್ಲಿ ಪಿಯುಸಿ ಓದುತ್ತಾಳೆ, ಮುಲಾಜಿಲ್ಲ. ದೊಡ್ಡ ಕಣ್ಣಿನ ಕಾರ್ಟೂನ್ ಮುಖ ಇದ್ದದ್ದನ್ನು ನೋಡಿ, "ಇದು ಎಂತದು ಮಾಮ, ಸಣ್ಣ ಮಕ್ಕಳದ್ದಾ?" ಎಂದಳು. ಇನ್ನೊಂದರಲ್ಲಿ ಮಬ್ಬು ಫೋಟೋ, ಕೆಳಗೆ ಸಣ್ಣ ಅಕ್ಷರ. "ಇದು ಸಿಲೆಬಸ್ಸಿನ ಹಾಗೆ ಉಂಟು." ಹುಡುಗಿ ಬೆನ್ನು ಹಾಕಿ ಕೂತ ಸ್ಕೆಚ್ ಬಂದಾಗ ಏನೂ ಹೇಳಲಿಲ್ಲ, ಕೈಯಲ್ಲಿ ತೆಗೆದುಕೊಂಡಳು. ನನಗೆ ಅಷ್ಟು ಸಾಕು. ಮುಖ ಬಿಡಿಸಿದರೆ ಅದು ಯಾರದೋ ಮುಖ. ಬೆನ್ನಾದರೆ ಓದುವವಳು ತಾನೇ ಕೂತುಕೊಳ್ಳಬಹುದು. ಬೆನ್ನಿಗೆ ಕಾಲೇಜು ಬ್ಯಾಗ್ ಹಾಕಿದೆ. ಅವಳ ವಯಸ್ಸು ಹೇಳಲು ಬೇರೆ ಏನೂ ಬೇಕಾಗಲಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಅಕ್ಷರ. ಮುಖಪುಟದ ಮುಕ್ಕಾಲು ಪಾಲು ಕೆಲಸ ಅಕ್ಷರವೇ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಹಳೆಯ ಅಚ್ಚಿನ ಮೊಳೆಗಳು ನನಗೆ ಬಹಳ ಇಷ್ಟ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನ ಸ್ಕ್ಯಾನ್ ಪುಟಗಳನ್ನು ಸುಮ್ನೆ ನೋಡುತ್ತಾ ಕೂರುವವನು ನಾನು. ಆದರೆ ಆ ಅಕ್ಷರ ಈ ಪುಸ್ತಕಕ್ಕೆ ಹಾಕಿದರೆ ಹುಡುಗಿಗೆ ಅಜ್ಜನ ಕೋಟು ತೊಡಿಸಿದ ಹಾಗೆ. 'ಬಲೂ ತಮ್ಮ' ಎಂಬ ಕನ್ನಡ ಫಾಂಟ್ ಹಾಕಿ ನೋಡಿದೆ. ಗುಂಡಗೆ ಚಂದ, ಆದರೆ ತೀರಾ ನಗುಮುಖ. ಕೊನೆಗೆ ಮಲ್ಪೆ ಬಂದರಿಗೇ ಹೋದೆ. ಜೂನ್, ಜುಲೈ ಟ್ರಾಲಿಂಗ್, ಅಂದರೆ ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದರ ನಿಷೇಧದ ಸಮಯ. ಬೋಟುಗಳು ನಿಂತಿರುತ್ತವೆ, ರಿಪೇರಿ, ಪೇಂಟಿಂಗ್ ಆಗುವುದು ಆಗಲೇ. ಬೋಟಿನ ಮೈಮೇಲೆ ಬ್ರಷ್‌ನಲ್ಲಿ ಬರೆದ ಹೆಸರು ನೋಡಿದ್ದೀರಾ? ದಪ್ಪ ಅಕ್ಷರ, ಒಂದು ಬದಿಗೆ ಬೇರೆ ಬಣ್ಣದ ನೆರಳು, ತಲೆಕಟ್ಟಿನ ತುದಿಯಲ್ಲಿ ಬ್ರಷ್ ಎತ್ತಿದ ಚೂಪು. ಅದನ್ನೇ ಹಿಡಿದುಕೊಂಡು ಶೀರ್ಷಿಕೆಯನ್ನು ಕೈಯಲ್ಲೇ ಬರೆದೆ. 'ತ್ರಿ'ಯ ಕೆಳಗಿನ ಒತ್ತಿನ ಬಾಲವನ್ನು ಉದ್ದಕ್ಕೆ ಎಳೆದು ಹಗ್ಗ ಮಾಡಿದೆ. ಅದು ಪುಟದ ಕೆಳಗೆ ಕೂತ ಹುಡುಗಿಯ ಕೈವರೆಗೆ ಇಳಿಯುತ್ತದೆ. ಹಗ್ಗದ ಇನ್ನೊಂದು ತುದಿಯಲ್ಲಿ ಬೋಟು ಇಲ್ಲ, ಹೆಸರು ಮಾತ್ರ ಇದೆ. ಪ್ರಕಾಶಕರು ಆಮೇಲೆ ಕಡಲಿನ ವಿಷಯ ಎತ್ತಲಿಲ್ಲ.

ಹಿಂಬದಿಯ ಮಾತುಗಳನ್ನು ಮಾತ್ರ ಟೈಪ್ ಮಾಡಿದ್ದು. ವಿನ್ಯಾಸದ ಸಾಫ್ಟ್‌ವೇರ್ ಇಲ್ಲಸ್ಟ್ರೇಟರ್‌ನಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಮಾಡಿಕೊಳ್ಳಿ, ಇಲ್ಲವಾದರೆ ಒತ್ತಕ್ಷರಗಳೆಲ್ಲ ಒಡೆದು ನಿಲ್ಲುತ್ತವೆ. ಪ್ರೆಸ್ಸಿಗೆ ಕೊಡುವ ಮೊದಲು ಅಕ್ಷರಗಳನ್ನು ಔಟ್‌ಲೈನ್ ಮಾಡಿದರೆ, ಅಂದರೆ ಬರೀ ಆಕಾರಗಳಾಗಿ ಬದಲಿಸಿದರೆ, ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ತೊಂದರೆ ಇಲ್ಲ.

ಬಣ್ಣ ಎರಡೇ. ರಾತ್ರಿಯ ನೀಲಿ, ಲೈಫ್ ಜಾಕೆಟ್ಟಿನ ಕಿತ್ತಳೆ. ನೀಲಿ ಬಹಳ ಮೋಸದ ಬಣ್ಣ. ಪರದೆಯಲ್ಲಿ ಮಿಂಚುವ ನೀಲಿ ಕಾಗದದ ಮೇಲೆ ಮಂಕಾಗುತ್ತದೆ, ಹಾಗಾಗಿ ಶುರುವಿನಿಂದಲೇ ಸಿಎಂವೈಕೆಯಲ್ಲಿ, ಅಂದರೆ ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕದಲ್ಲಿ, ಕೆಲಸ ಮಾಡುತ್ತೇನೆ. ನೀಲಿ ಶಾಯಿ ಸಯಾನ್ ಶೇ. 100 ಇಟ್ಟರೆ ಗುಲಾಬಿ ಶಾಯಿ ಮೆಜೆಂಟಾ ಶೇ. 70 ದಾಟಿಸುವುದಿಲ್ಲ, ದಾಟಿದರೆ ನೇರಳೆಗೆ ತಿರುಗುತ್ತದೆ. ಆಮೇಲೆ ಫೈಲನ್ನು ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ ಫೋನಿನಲ್ಲಿ ನೋಡಿದೆ. ಈಗ ಪುಸ್ತಕವನ್ನು ಹೆಚ್ಚಿನವರು ಮೊದಲು ನೋಡುವುದು ವಾಟ್ಸ್ಯಾಪಿನಲ್ಲೇ. ಆ ಅಳತೆಯಲ್ಲೂ ಹೆಸರು ಓದಲು ಬರಬೇಕು. ಬಂತು. ಲೇಖಕಿಯ ಹೆಸರು ಬರಲಿಲ್ಲ, ಅದನ್ನು ಸ್ವಲ್ಪ ದೊಡ್ಡದು ಮಾಡಿದೆ.

ಅಳತೆ ಡೆಮಿ 1/8, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಎತ್ತರ. ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸಿ ತೆಗೆಯುವ ಹೆಚ್ಚುವರಿ ಅಂಚು. 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಆರ್ಟ್ ಕಾರ್ಡ್, ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಶನ್. ಹೊಳೆಯುವ ಗ್ಲಾಸಿ ಲ್ಯಾಮಿನೇಶನ್ ಹಾಕಿದರೆ ಟ್ಯೂಬ್‌ಲೈಟ್ ಬಿದ್ದ ಕಡೆ ನೀಲಿ ಕಾಣುವುದೇ ಇಲ್ಲ. ಒಳಗೆ 70 ಜಿಎಸ್‌ಎಂ ಕಾಗದದಲ್ಲಿ 160 ಪುಟ. ಪುಸ್ತಕದ ಬೆನ್ನು, ಅಂದರೆ ಸ್ಪೈನ್, ಸುಮಾರು 8 ಮಿ.ಮೀ. ಬರುತ್ತದೆ. ಲೆಕ್ಕ ಹಾಕಿ ಬಿಡುವುದಲ್ಲ, ಅದೇ ಕಾಗದದ ಖಾಲಿ ಡಮ್ಮಿ ಕಟ್ಟಿಸಿ ಅಳೆಯಬೇಕು. ಅಷ್ಟಾದರೂ ಬೈಂಡಿಂಗ್‌ನಲ್ಲಿ ಮಡಿಕೆ 1 ಮಿ.ಮೀ. ಆಚೀಚೆ ಆಗುವುದುಂಟು. ಅದಕ್ಕೇ ಬೆನ್ನಿಗೆ ಬೇರೆ ಬಣ್ಣದ ಪಟ್ಟಿ ಕೊಡಲಿಲ್ಲ. ಮುಂದೆ, ಬೆನ್ನಿಗೆ, ಹಿಂದೆ, ಎಲ್ಲ ಕಡೆ ಒಂದೇ ನೀಲಿ ಹರಡಿದ್ದೇನೆ. ಮಡಿಕೆ ಜಾರಿದರೂ ನನಗೆ ಮತ್ತು ಬೈಂಡರಿಗೆ ಬಿಟ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ.